ಒಂದು ದಿನದ ಫ್ಯಾಂಟಮ್

ಕಾಡಿನಲ್ಲಿದ್ದುಕೊಂಡು ಕೇಡಿಗರನ್ನು ಸದೆಬಡಿಯುವ ಮುಸುಕಿನ ವೀರ ಫ್ಯಾಂಟಮ್‌ನ ಕಾಮಿಕ್ಸಿನ ಒಂದು ಮೂಲ ಹಾಳೆಯನ್ನು ಕೊಳ್ಳಬೇಕೆಂದಿದ್ದೇನೆ ಎಂದು ಮನೆಯಲ್ಲಿ ಹೇಳಿದಾಗ ಎಲ್ಲರೂ ಅದು ಹಳೆಯ ಪುಸ್ತಕದ ಮಾತು ಎಂದುಕೊಂಡರು. ‘ನಿನ್ನ ಕಪಾಟಿನ ತುಂಬ ಇರುವುದು ಅದೇ ಅಲ್ಲವೇ?’ ಎಂದು ಯಜಮಾನರು ಕೇಳಿದರು. ಕಪಾಟಿನಲ್ಲಿ ಇರುವುದು ಅಚ್ಚಾದ ಪ್ರತಿಗಳು. ನನಗೆ ಬೇಕಾಗಿದ್ದದ್ದು ಅಚ್ಚಿಗೆ ಮೊದಲಿನದು. ಕಲಾವಿದ ತನ್ನ ಮೇಜಿನ ಮೇಲೆ ಹರಡಿಕೊಂಡು, ಪೆನ್ಸಿಲ್ಲಿನಲ್ಲಿ ಗೀಚಿ, ಅದರ ಮೇಲೆ ಶಾಯಿ ಎಳೆದು, ಒಣಗಲು ಬಿಟ್ಟ ಆ ಒಂದೇ ಒಂದು ರಟ್ಟು. ಅದರ ಫೋಟೊ ತೆಗೆದು ಅಚ್ಚು ಮಾಡಿದ್ದನ್ನು ಲಕ್ಷಗಟ್ಟಲೆ ಜನ ಓದಿದರು. ಓದಿ ಮುಗಿಸಿದ ಪತ್ರಿಕೆಯಲ್ಲಿ ಕಡಲೆಕಾಯಿ ಕಟ್ಟಿದರು. ರಟ್ಟು ಮಾತ್ರ ಎಲ್ಲೋ ಒಂದು ಕಡೆ ಉಳಿದುಕೊಂಡಿತು.

ನಾನು ಸಾಗರದ ಕಾಲೇಜೊಂದರಲ್ಲಿ ಗ್ರಂಥಪಾಲಕಿ. ಕಾಗದವನ್ನು ಮುಟ್ಟಿ, ಮೂಸಿ, ಮಳೆಗಾಲದಲ್ಲಿ ಅದನ್ನು ಬೂಸ್ಟಿನಿಂದ ಕಾಪಾಡಿ ದಿನ ಕಳೆದವಳು. ಆದರೆ ಈ ಆಸೆ ಹುಟ್ಟಿದ್ದು ಕೆಲಸದಿಂದಲ್ಲ. ಚಿಕ್ಕಂದಿನಲ್ಲಿ ಅಣ್ಣ ಇಂದ್ರಜಾಲ ಕಾಮಿಕ್ಸ್ ತರುತ್ತಿದ್ದ. ಅವನು ಓದಿ ಮುಗಿಸುವವರೆಗೆ ನಾನು ಕಾಯಬೇಕಿತ್ತು. ಟೈಮ್ಸ್ ಆಫ್ ಇಂಡಿಯಾ ಬಳಗ 1964ರಲ್ಲಿ ಆರಂಭಿಸಿದ ಆ ಮಾಲಿಕೆ 1990ರಲ್ಲಿ ನಿಂತಿತು. ಬೇರೆ ಬೇರೆ ಭಾರತೀಯ ಭಾಷೆಗಳಲ್ಲಿ ಬಂದ ಹಾಗೆ ಕನ್ನಡದಲ್ಲೂ ಬಂತು. ಸುಧಾ ವಾರಪತ್ರಿಕೆಯಲ್ಲಿ ಬರುತ್ತಿದ್ದ ಫ್ಯಾಂಟಮ್‌ನ ಪುಟವನ್ನೂ ನಾವು ಬಿಡುತ್ತಿರಲಿಲ್ಲ. ಬೇರೆ ಊರಿನ ಮಕ್ಕಳು ಆ ಕಾಡನ್ನು ಹೇಗೆ ಊಹಿಸಿಕೊಂಡರೋ ಗೊತ್ತಿಲ್ಲ, ನಮಗೆ ಊಹೆಯ ಅಗತ್ಯವೇ ಇರಲಿಲ್ಲ. ಹಿತ್ತಲಿನ ಆಚೆಗೆ ಕಾಡೇ ಇತ್ತು, ಬಸ್ಸು ಹತ್ತಿದರೆ ಜೋಗ. ಫ್ಯಾಂಟಮ್ ವಾಸಿಸುವ ತಲೆಬುರುಡೆಯ ಗುಹೆಗೆ ಹೋಗುವ ದಾರಿ ಒಂದು ಜಲಪಾತದ ಹಿಂದೆ ಅಡಗಿದೆ ಎಂದು ಕಥೆಯಲ್ಲಿ ಓದಿದ ಮೇಲೆ, ರಾಜಾ ಧಾರೆಯ ಹಿಂದೆ ಏನಿದೆ ಎಂದು ನಾವಿಬ್ಬರೂ ಗಂಟೆಗಟ್ಟಲೆ ಚರ್ಚೆ ಮಾಡಿದ್ದುಂಟು.

ಲೀ ಫಾಕ್ ಈ ಪಾತ್ರವನ್ನು ಸೃಷ್ಟಿಸಿ 1936ರ ಫೆಬ್ರುವರಿಯಲ್ಲಿ ಅಮೆರಿಕದ ದಿನಪತ್ರಿಕೆಗಳಲ್ಲಿ ಶುರು ಮಾಡಿದರು. ಕಥೆಯನ್ನು 1999ರಲ್ಲಿ ಸಾಯುವವರೆಗೂ ಅವರೇ ಬರೆದರು. ಚಿತ್ರಕಾರರು ಬದಲಾಗುತ್ತ ಹೋದರು: ಮೊದಲು ರೇ ಮೂರ್, ಆಮೇಲೆ ವಿಲ್ಸನ್ ಮೆಕಾಯ್, 1961ರಿಂದ 1994ರವರೆಗೆ ಸೈ ಬ್ಯಾರಿ. ಇಂದ್ರಜಾಲ ಓದಿ ಬೆಳೆದ ನಮ್ಮ ತಲೆಮಾರಿಗೆ ಫ್ಯಾಂಟಮ್ ಎಂದರೆ ಬ್ಯಾರಿಯ ಫ್ಯಾಂಟಮ್. ಆ ಭುಜ, ಆ ನಡು, ಮುಸುಕಿನೊಳಗೆ ಕಣ್ಣು ಕಾಣದಿದ್ದರೂ ಕೋಪವೋ ಕನಿಕರವೋ ತಿಳಿಯುವ ಆ ಮುಖ. ಬ್ಯಾರಿಯ ಅಣ್ಣ ಡ್ಯಾನ್ ಬ್ಯಾರಿ ಕೂಡ ದೊಡ್ಡ ಚಿತ್ರಕಾರ, ಫ್ಲ್ಯಾಶ್ ಗಾರ್ಡನ್ ಬರೆದವರು. ಈ ಸಂಗತಿಯನ್ನು ನಮ್ಮ ಅಣ್ಣನಿಗೆ ಹೇಳಿದಾಗ ಅವನಿಗೆ ಬಹಳ ಸಂತೋಷವಾಯಿತು.

ಕೊಳ್ಳುವ ಮೊದಲು ಕಲಿಯಬೇಕಾದದ್ದು ಬೆಟ್ಟದಷ್ಟಿತ್ತು. ಕಾಮಿಕ್ಸಿನ ಮೂಲಚಿತ್ರಗಳ ಲೋಕದಲ್ಲಿ ಹಣ ಎಲ್ಲಿಗೆ ಮುಟ್ಟಿದೆ ಎಂದು ನೋಡಿದರೆ ಮೊದಲು ಎದೆ ಕುಸಿಯುತ್ತದೆ. ‘ನೀಲಿ ಕಮಲ’ ಎಂಬ ಟಿನ್‌ಟಿನ್ ಕಥೆಗೆ ಎರ್ಜೆ ಬರೆದು, ಬಳಕೆಯಾಗದೆ ಉಳಿದ ಒಂದು ಮುಖಪುಟ 2021ರಲ್ಲಿ ಪ್ಯಾರಿಸ್ಸಿನ ಹರಾಜಿನಲ್ಲಿ ಸುಮಾರು 32 ಲಕ್ಷ ಯೂರೊಗೆ ಹೋಯಿತು. ಮರುವರ್ಷ ಡಲ್ಲಾಸ್‌ನಲ್ಲಿ ಮೈಕ್ ಝೆಕ್ ಬರೆದ ಸ್ಪೈಡರ್‌ಮ್ಯಾನ್ ಪುಟವೊಂದು 33 ಲಕ್ಷ ಡಾಲರ್ ದಾಟಿತು. ಆದರೆ ಅದು ಆ ಲೋಕದ ಶಿಖರ. ದಿನಪತ್ರಿಕೆಯಲ್ಲಿ ಒಂದು ಅಡ್ಡ ಸಾಲಿನಲ್ಲಿ ಕೆಲವೇ ಚೌಕಗಳಾಗಿ ಬರುವ ಚಿತ್ರಪಟ್ಟಿಗಳ ಲೆಕ್ಕ ಬೇರೆ. ಭಾನುವಾರ ಬಿಟ್ಟು ವಾರಕ್ಕೆ ಆರು ಪಟ್ಟಿ, ಮೂವತ್ತು ವರ್ಷಕ್ಕೂ ಮೀರಿ. ಬ್ಯಾರಿಯ ಕಾಲದ್ದೇ ಸಾವಿರಾರು ಪಟ್ಟಿಗಳು ಬಂದಿವೆ. ಎಲ್ಲವೂ ಉಳಿದಿಲ್ಲ. ಹಿಂದೆಲ್ಲ ಅಚ್ಚಾದ ಮೇಲೆ ಈ ರಟ್ಟುಗಳಿಗೆ ಯಾರೂ ಬೆಲೆ ಕೊಡುತ್ತಿರಲಿಲ್ಲ. ವಿತರಣಾ ಸಂಸ್ಥೆಗಳು ಕೆಲವನ್ನು ಅಭಿಮಾನಿಗಳಿಗೆ ಕೊಟ್ಟವು, ಎಷ್ಟೋ ಕಸಕ್ಕೆ ಹೋದವು. ಉಳಿದದ್ದರಲ್ಲಿ ಸಂಬಳಗಾರರ ಕೈಗೆಟುಕುವಂಥವೂ ಇವೆ ಎಂಬುದೇ ನನ್ನ ಧೈರ್ಯ.

ಬೆಲೆ ನಿರ್ಧಾರವಾಗುವ ಬಗೆಯೂ ಸ್ವಾರಸ್ಯವಾಗಿದೆ. ಒಂದೇ ಕಲಾವಿದ, ಒಂದೇ ವರ್ಷ, ಒಂದೇ ಅಳತೆ. ಆದರೂ ಸೂಟು ಹಾಕಿಕೊಂಡ ಇಬ್ಬರು ಅಧಿಕಾರಿಗಳು ಮೇಜಿನ ಎದುರು ಮಾತನಾಡುವ ಪಟ್ಟಿಗೂ ಫ್ಯಾಂಟಮ್ ಮುಸುಕು ಧರಿಸಿ ಕುದುರೆಯ ಮೇಲೆ ಬರುವ ಪಟ್ಟಿಗೂ ಹಲವು ಪಟ್ಟು ವ್ಯತ್ಯಾಸ. ತಲೆಬುರುಡೆಯ ಸಿಂಹಾಸನ, ಅವನ ಪ್ರೇಯಸಿ ಡಯಾನಾ, ಅವನ ತೋಳ ಡೆವಿಲ್, ಅವನ ಗುದ್ದಿಗೆ ಉಂಗುರದ ಗುರುತು ಬಿದ್ದ ಕೇಡಿಗನ ದವಡೆ, ಹೀಗೆ ಒಂದೊಂದು ಸೇರಿದಂತೆಲ್ಲ ಬೆಲೆ ಏರುತ್ತದೆ. ಏರಿಸುವವರು ಹೆಚ್ಚಾಗಿ ಅಮೆರಿಕದವರಲ್ಲ. ಹುಟ್ಟಿದ ದೇಶಕ್ಕಿಂತ ಈ ಮುಸುಕಿನವನನ್ನು ಹೆಚ್ಚು ಹಚ್ಚಿಕೊಂಡದ್ದು ಸ್ವೀಡನ್, ಆಸ್ಟ್ರೇಲಿಯ ಮತ್ತು ಭಾರತ. ಆಸ್ಟ್ರೇಲಿಯದ ಫ್ರೂ ಪ್ರಕಾಶನ 1948ರಿಂದ, ಸ್ವೀಡನ್ನಿನ ‘ಫ್ಯಾಂಟೊಮೆನ್’ ಪತ್ರಿಕೆ 1950ರಿಂದ ಅವನನ್ನು ಅಚ್ಚು ಹಾಕುತ್ತಿವೆ. ಒಳ್ಳೆಯ ಪಟ್ಟಿ ಹರಾಜಿಗೆ ಬಂದರೆ ಸ್ಪರ್ಧೆ ಇರುವುದು ಆ ದೇಶಗಳ ಅಭಿಮಾನಿಗಳೊಡನೆ.

ನನಗೆ ಯಾವುದು ಬೇಕು ಎಂಬುದರಲ್ಲಿ ಸಂಶಯ ಇರಲಿಲ್ಲ. ಹೊಡೆದಾಟ ಬೇಡ, ಪಿಸ್ತೂಲು ಬೇಡ. ಕಾಡು ಬೇಕು, ಫ್ಯಾಂಟಮ್‌ನ ಕಾಡಿನ ಗೆಳೆಯ ಗುರನ್ ಬೇಕು, ಸಾಧ್ಯವಾದರೆ ಆ ಜಲಪಾತ ಬೇಕು.

ಹಣಕ್ಕೆ ಗಳಿಕೆ ರಜೆಯ ನಗದು ಮತ್ತು ಸಹೋದ್ಯೋಗಿಗಳೊಡನೆ ಹಾಕುತ್ತಿದ್ದ ಚೀಟಿ. ಅಷ್ಟರೊಳಗೇ ಎಲ್ಲವೂ ಆಗಬೇಕು ಎಂದು ಗೆರೆ ಹಾಕಿಕೊಂಡೆ. ಮೊದಲು ಹೋದದ್ದು ಡಲ್ಲಾಸ್‌ನ ಹೆರಿಟೇಜ್ ಸಂಸ್ಥೆಯ ಹರಾಜಿಗೆ. ಹರಾಜಿನಲ್ಲಿ ಗಮನಿಸಬೇಕಾದದ್ದು ಏನೆಂದರೆ, ನಾವು ಕೂಗುವ ಬೆಲೆ ನಾವು ಕೊಡುವ ಬೆಲೆಯಲ್ಲ. ಅದರ ಮೇಲೆ ಕೊಳ್ಳುವವರ ಶುಲ್ಕವೆಂದು ಸುಮಾರು ಐದನೇ ಒಂದು ಪಾಲು ಸೇರುತ್ತದೆ, ಆಮೇಲೆ ಸಾಗಣೆ, ವಿಮೆ, ಇಲ್ಲಿಗೆ ಬಂದ ಮೇಲೆ ಸುಂಕ. ಹಾಗಾಗಿ ಚೀಟಿಯ ಹಣದಿಂದ ಹಿಂದಕ್ಕೆ ಲೆಕ್ಕ ಹಾಕಿಕೊಂಡು ಬಂದು ಕೂಗಬೇಕು. ಅಲ್ಲಿ ಹಗಲಾದರೆ ನಮಗೆ ನಡುರಾತ್ರಿ. ನಿದ್ದೆಗೆಟ್ಟು ಕುಳಿತು, ಗುರನ್ ಇದ್ದ ಒಂದು ಪಟ್ಟಿಗೆ ನನ್ನ ಗೆರೆಯ ತನಕ ಹೋದೆ. ಅದು ಗೆರೆ ದಾಟಿ, ಅದರ ಮೇಲೂ ಒಂದಷ್ಟು ದಾಟಿ ನಿಂತಿತು. ಬೇಸರವಾಯಿತು, ಆದರೆ ಕೊಂಡವರ ಮೇಲೆ ಗೌರವವೂ ಹುಟ್ಟಿತು. ಆ ರಾತ್ರಿ ಲೋಕದ ಯಾವುದೋ ಮೂಲೆಯಲ್ಲಿ ಇನ್ನೊಬ್ಬರು ಗುರನ್‌ಗಾಗಿ ನನ್ನಷ್ಟೇ ಹಂಬಲಿಸಿದ್ದರಲ್ಲ!

ಈ ನಡುವೆ ಒಬ್ಬ ಮಾರಾಟಗಾರ ಕಡಿಮೆ ಬೆಲೆಗೆ ‘ಸೈ ಬ್ಯಾರಿ ಮೂಲಚಿತ್ರ’ವೊಂದನ್ನು ಕೊಡುವುದಾಗಿ ಬರೆದ. ಫೋಟೊದಲ್ಲಿ ನೋಡಲು ಚೆನ್ನಾಗಿಯೇ ಇತ್ತು. ಆದರೆ ಅತಿಯಾಗಿ ಚೆನ್ನಾಗಿತ್ತು. ಕಾಗದ ಹಾಲಿನಷ್ಟು ಬಿಳುಪು. ಕಪ್ಪು ಎಲ್ಲ ಕಡೆ ಒಂದೇ ಸಮ. ಕುಂಚದಿಂದ ಶಾಯಿ ತುಂಬಿದ ಜಾಗವನ್ನು ದೊಡ್ಡದು ಮಾಡಿ ನೋಡಿದರೆ ಅಲ್ಲಲ್ಲಿ ತೆಳು, ಅಲ್ಲಲ್ಲಿ ದಟ್ಟ ಇರಬೇಕು, ಒಂದು ಎಳೆತದ ಮೇಲೆ ಇನ್ನೊಂದು ಹಾಯ್ದ ಗುರುತು ಇರಬೇಕು. ಇಲ್ಲಿ ಗೆರೆಗಳು ಅಂಜಂಜುತ್ತ ನಡೆದಿದ್ದವು. ತನ್ನ ಗೆರೆ ಎಳೆಯುವವನ ಕೈ ಹಾಗೆ ಅಂಜುವುದಿಲ್ಲ. ಬೇರೆಯವರ ಗೆರೆಯ ಮೇಲೆ ಹೋಗುವವನ ಕೈ ಅಂಜುತ್ತದೆ. ರಟ್ಟಿನ ಹಿಂಬದಿಯ ಫೋಟೊ ಮತ್ತು ಪಕ್ಕದಿಂದ ಬೆಳಕು ಬಿಟ್ಟು ತೆಗೆದ ಒಂದು ಫೋಟೊ ಕಳಿಸಿ ಎಂದು ಕೇಳಿದೆ. ಉತ್ತರ ಬರಲಿಲ್ಲ.

ಕೊನೆಗೆ ಸಿಕ್ಕಿದ್ದು ಒಹಾಯೊ ರಾಜ್ಯದ ಒಬ್ಬ ಹಿರಿಯ ಸಂಗ್ರಾಹಕರಿಂದ. ಅವರು ಎಂಬತ್ತರ ದಶಕದಲ್ಲಿ ಕಾಮಿಕ್ಸ್ ಮೇಳಗಳಲ್ಲಿ ಓಡಾಡಿ ಕೊಂಡದ್ದನ್ನೆಲ್ಲ ವಯಸ್ಸಾಯಿತೆಂದು ಒಂದೊಂದಾಗಿ ಬಿಡಿಸಿಕೊಳ್ಳುತ್ತಿದ್ದರು. ಅವರು ಕಳಿಸಿದ ಚಿತ್ರವನ್ನು ತೆರೆದ ಕ್ಷಣ ನನಗೆ ಗೊತ್ತಾಯಿತು. ಮೂರು ಚೌಕಗಳು. ಮೊದಲನೆಯದರಲ್ಲಿ ಹೀರೋ ಕುದುರೆಯ ಮೇಲೆ ಫ್ಯಾಂಟಮ್, ಬೆನ್ನು ನಮ್ಮ ಕಡೆಗೆ. ಎರಡನೆಯದರಲ್ಲಿ ಗುರನ್ ಹುಲ್ಲಿನ ಟೋಪಿಯ ಕೆಳಗಿನಿಂದ ಮೇಲೆ ನೋಡುತ್ತ ಏನನ್ನೋ ಹೇಳುತ್ತಿದ್ದಾನೆ. ಮೂರನೆಯದರ ತುಂಬ ಜಲಪಾತ, ಅದರ ಬುಡದಲ್ಲಿ ಸಣ್ಣದಾಗಿ ಕುದುರೆ.

ಚಿತ್ರ ಕಂಡ ಕೂಡಲೇ ‘ಬೇಕು’ ಎಂದು ಬರೆಯಲಿಲ್ಲ. ಪರೀಕ್ಷೆ ಮಾಡಿದೆ, ಅದನ್ನು ಅವರೂ ಮೆಚ್ಚಿಕೊಂಡರು. ಪಟ್ಟಿಯ ಅಂಚಿನಲ್ಲಿ ತಿಂಗಳು, ತಾರೀಖು ಇತ್ತು. ಚೌಕದ ಕೆಳಗೆ ಫ್ಯಾಂಟಮ್‌ನ ವಿತರಣಾ ಸಂಸ್ಥೆಯಾದ ಕಿಂಗ್ ಫೀಚರ್ಸ್‌ನ ಹಕ್ಕುಸ್ವಾಮ್ಯದ ಚೀಟಿ ಅಂಟಿತ್ತು, ಅರವತ್ತರ ದಶಕದ ಕೊನೆಯ ವರ್ಷದ್ದು. ಆ ತಾರೀಖಿನ ಅಮೆರಿಕದ ಪತ್ರಿಕೆಯ ಪುಟವನ್ನು ಹುಡುಕಿ ತೆಗೆದು ಪಕ್ಕಕ್ಕಿಟ್ಟು ನೋಡಿದೆ. ಎಲೆಗೆ ಎಲೆ, ಹನಿಗೆ ಹನಿ ಹೊಂದಬೇಕು. ಹೊಂದಿತು. ಆದರೆ ರಟ್ಟಿನಲ್ಲಿ ಪತ್ರಿಕೆಗಿಂತ ಹೆಚ್ಚಿನದು ಏನಾದರೂ ಇರಬೇಕು: ಅಳಿಸಿದ ಪೆನ್ಸಿಲ್, ಬಿಳಿ ಬಣ್ಣ ಹಚ್ಚಿದ ತಿದ್ದುಪಡಿ, ತಿಳಿನೀಲಿ ಪೆನ್ಸಿಲ್ಲಿನ ಗೆರೆ. ಆ ಕಾಲದ ಅಚ್ಚಿನ ಕ್ಯಾಮೆರಾದ ಫಿಲ್ಮಿಗೆ ತಿಳಿನೀಲಿ ಕಾಣುತ್ತಿರಲಿಲ್ಲ. ಆದ್ದರಿಂದ ಚಿತ್ರಕಾರರು ಆ ಬಣ್ಣದಲ್ಲಿ ಧಾರಾಳವಾಗಿ ಗೀಚುತ್ತಿದ್ದರು, ಅಳಿಸುವ ಕೆಲಸವೇ ಇರಲಿಲ್ಲ. ಈ ಪಟ್ಟಿಯಲ್ಲಿ ಜಲಪಾತದ ಬಂಡೆಗಳ ಸುತ್ತ ಆ ನೀಲಿ ಇತ್ತು.

ಆಮೇಲೆ ಕಪಾಟು ತೆಗೆದೆ. ಅಣ್ಣ ಕಾಲೇಜಿಗೆ ಹೋಗುವ ಮುಂಚೆ ನಮ್ಮ ಇಂದ್ರಜಾಲಗಳನ್ನೆಲ್ಲ ಕೆಂಪು ರೆಕ್ಸಿನ್ನಿನಲ್ಲಿ ಬೈಂಡ್ ಮಾಡಿಸಿದ್ದ. ಒಂದೊಂದೇ ಸಂಪುಟ ತಿರುವುತ್ತ ಹೋದೆ. ಬಿ. ಗೋವಿಂದ್ ಬರೆದ ಮುಖಪುಟಗಳ ಬಣ್ಣ ಇನ್ನೂ ಮಾಸಿಲ್ಲ. ಆ ಮನುಷ್ಯನ ಬಗ್ಗೆಯೇ ಯಾರಾದರೂ ಒಂದು ಪುಸ್ತಕ ಬರೆಯಬೇಕು. ಹುಡುಕಿದ ಕಥೆ ಸಿಕ್ಕಿತು. ಆ ಮೂರು ಚೌಕಗಳೂ ಇದ್ದವು. ಆದರೆ ಬೇರೆ ಥರ ಇದ್ದವು. ಪತ್ರಿಕೆಗೆಂದು ಅಡ್ಡಡ್ಡಲಾಗಿ ಬರೆದ ಪಟ್ಟಿಗಳನ್ನು ಪುಸ್ತಕದ ಪುಟಕ್ಕೆ ಕೂರಿಸಲು ಇಂದ್ರಜಾಲದವರು ಚೌಕಗಳನ್ನು ಕತ್ತರಿಸುತ್ತಿದ್ದರು, ಜಾಗ ಸಾಲದಾಗ ಕೆಲವನ್ನು ಬಿಟ್ಟೇ ಬಿಡುತ್ತಿದ್ದರು. ನಮ್ಮ ಸಂಚಿಕೆಯಲ್ಲಿ ಮೂರನೆಯ ಚೌಕದ ಬಲಗಡೆಯ ಪಾಲು ಇಲ್ಲ. ಮೂಲದಲ್ಲಿ ಆ ಪಾಲಿನಲ್ಲಿ ಡೆವಿಲ್ ಇದೆ. ಮಡುವಿನ ಅಂಚಿನಲ್ಲಿ ಮುಂಗಾಲು ಬಗ್ಗಿಸಿ ನೀರು ಕುಡಿಯುತ್ತಿದೆ. ಅದರ ಮೂತಿಯಿಂದ ಹೊರಟ ನೀರಿನ ಬಳೆಗಳು ಕುದುರೆಯ ಕಾಲಿನ ತನಕ ಬಂದಿವೆ. ನಾನು ಎಷ್ಟೋ ಸಲ ಓದಿದ್ದ ಪುಟ ಅದು. ಕುದುರೆಯ ಕಾಲ ಬಳಿ ಅರ್ಧ ಬಳೆಗಳು ಇದ್ದದ್ದನ್ನು ನೋಡಿದ್ದೇನೆ, ಅವು ಎಲ್ಲಿಂದ ಬಂದವು ಎಂದು ಮಾತ್ರ ಗೊತ್ತಿರಲಿಲ್ಲ.

ಅಣ್ಣನಿಗೆ ಫೋನ್ ಮಾಡಿದೆ. ಅವನು ಈಗ ನಿವೃತ್ತನಾಗಿ ದಾವಣಗೆರೆಯಲ್ಲಿದ್ದಾನೆ.

‘ಅಣ್ಣಾ, ಅಲ್ಲಿ ಡೆವಿಲ್ ಇತ್ತು.’

‘ಎಲ್ಲಿ?’

‘ಜಲಪಾತದ ಹತ್ತಿರ. ನಮ್ಮ ಪುಸ್ತಕದಲ್ಲಿ ಕತ್ತರಿಸಿದ್ದಾರೆ.’

ಸ್ವಲ್ಪ ಹೊತ್ತು ಸುಮ್ಮನಿದ್ದು, ‘ತೆಗೆದುಕೊಂಡುಬಿಡು. ಕಡಿಮೆ ಬಿದ್ದರೆ ನಾನಿದ್ದೇನೆ’ ಎಂದ.

ಬೆಲೆಯ ಮಾತು ಒಂದು ವಾರ ನಡೆಯಿತು. ಈ ಸಂಗ್ರಾಹಕರ ವಲಯದಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ನಂಬಿಕೆ ಬಂದರೆ ಕಂತಿನಲ್ಲಿ ಕೊಡಬಹುದು. ಕೊನೆಯ ಕಂತು ಮುಟ್ಟುವ ತನಕ ಚಿತ್ರ ಮಾರುವವರ ಹತ್ತಿರವೇ ಇರುತ್ತದೆ, ಆದರೆ ಇನ್ನೊಬ್ಬರಿಗೆ ಕೊಡುವುದಿಲ್ಲ. ಬರವಣಿಗೆಯಲ್ಲಿ ಒಪ್ಪಂದ, ಅಷ್ಟೇ. ಆ ಹಿರಿಯರು ನನ್ನನ್ನು ಕೇಳಿದ್ದು ಹಣಕ್ಕಿಂತ ಹೆಚ್ಚಾಗಿ ಬೇರೆಯದನ್ನು: ಭಾರತದ ಒಂದು ಸಣ್ಣ ಊರಿನ ಹೆಂಗಸಿಗೆ ಇದು ಏಕೆ ಬೇಕು? ನಾನು ನಮ್ಮ ಕೆಂಪು ಸಂಪುಟದ ಪುಟದ ಫೋಟೊ ತೆಗೆದು ಕಳಿಸಿದೆ. ಗುರನ್‌ನ ತಲೆಯ ಮೇಲಿನ ಮಾತಿನ ಗುಳ್ಳೆಯಲ್ಲಿ ಕನ್ನಡ ಅಕ್ಷರ ನೋಡಿ ಅವರಿಗೆ ಆಶ್ಚರ್ಯವಾಯಿತು. ಇಂದ್ರಜಾಲದಲ್ಲಿ ಕಥೆಯ ‘ಬೆಂಗಾಲ’ ದೇಶ ‘ಡೆಂಕಾಲಿ’ ಆದದ್ದು, ಭಾರತದ ಓದುಗರಿಗೆ ಮುಜುಗರವಾಗದಿರಲೆಂದು ಕಡಲ್ಗಳ್ಳರ ಹೆಸರುಗಳು ಬದಲಾದದ್ದು, ಇದೆಲ್ಲವನ್ನೂ ಬರೆದೆ. ಮೊದಲು ಹೇಳಿದ ಬೆಲೆಯಲ್ಲಿ ಸ್ವಲ್ಪ ಅವರಾಗಿಯೇ ಇಳಿಸಿದರು. ನಾನು ಇಳಿಸಿ ಎಂದು ಕೇಳಿರಲಿಲ್ಲ. ಮಗುವಿನಂತೆ ಕಾಪಾಡಿದ ವಸ್ತುವನ್ನು ಯಾರ ಕೈಗೆ ಒಪ್ಪಿಸುತ್ತಿದ್ದೇನೆ ಎಂದು ತಿಳಿಯುವ ಹಕ್ಕು ಅವರಿಗಿತ್ತು ಎಂದೇ ನನ್ನ ಭಾವನೆ.

ಒಂದು ವಿಷಯವನ್ನು ಇಲ್ಲಿ ಹೇಳಿಬಿಡಬೇಕು, ಏಕೆಂದರೆ ಕೇಳಿದವರೆಲ್ಲ ತಪ್ಪು ತಿಳಿಯುತ್ತಾರೆ. ರಟ್ಟು ನನ್ನದಾದ ಮಾತ್ರಕ್ಕೆ ಚಿತ್ರದ ಹಕ್ಕು ನನ್ನದಾಗುವುದಿಲ್ಲ. ಅದನ್ನು ಅಚ್ಚು ಮಾಡಿ ಮಾರುವ ಅಧಿಕಾರ ಕಿಂಗ್ ಫೀಚರ್ಸ್‌ನದು. ನಾನು ಅದನ್ನು ಇಟ್ಟುಕೊಳ್ಳಬಹುದು, ತೋರಿಸಬಹುದು, ಮುಂದೆ ಇನ್ನೊಬ್ಬರಿಗೆ ಕೊಡಬಹುದು.

ಸಾಗಣೆ ಹೇಗಿರಬೇಕೆಂದು ಅವರಿಗೆ ನಾನು ಹೇಳಬೇಕಾಗಲಿಲ್ಲ. ಚಿತ್ರವನ್ನು ಪಾಲಿಯೆಸ್ಟರ್ ಹೊದಿಕೆಯೊಳಗೆ ಇಟ್ಟು, ಎರಡೂ ಕಡೆ ಆಮ್ಲರಹಿತ ರಟ್ಟು ಕೊಟ್ಟು, ಅದರಾಚೆ ಎರಡು ತೆಳುವಾದ ಮರದ ಹಲಗೆ ಬಿಗಿದು, ಡಬ್ಬಿಯೊಳಗೆ ಅಲುಗಾಡದಂತೆ ಕೂರಿಸಿದ್ದರು. ಸುರುಳಿ ಸುತ್ತಿ ಕೊಳವೆಯಲ್ಲಿ ಕಳಿಸುವವರೂ ಇದ್ದಾರಂತೆ. ಐವತ್ತು ವರ್ಷ ದಾಟಿದ ರಟ್ಟನ್ನು ಸುತ್ತಿದರೆ ಶಾಯಿ ಬಿರಿಯುತ್ತದೆ, ಅಂಟಿಸಿದ ಚೀಟಿಗಳು ಉದುರುತ್ತವೆ.

ಪೊಟ್ಟಣ ಬೆಂಗಳೂರಿಗೆ ಬಂದು ಸುಂಕದ ಕಚೇರಿಯಲ್ಲಿ ನಿಂತಿತು. ಕೊರಿಯರ್‌ನವರು ಆಧಾರ್, ಪ್ಯಾನ್ ಎಲ್ಲ ಕೇಳಿದರು, ಕೊಟ್ಟೆ. ಪ್ರಶ್ನೆ ಇದ್ದದ್ದು ವಸ್ತು ಯಾವ ಜಾತಿಗೆ ಸೇರಿದ್ದು ಎಂಬುದರ ಮೇಲೆ. ರಸೀದಿಯಲ್ಲಿ ‘ಕಾಮಿಕ್’ ಎಂಬ ಶಬ್ದ ನೋಡಿ ಅಚ್ಚಾದ ಪುಸ್ತಕವೇ ಎಂದು ಕೇಳಿದರು. ಪುಸ್ತಕವಾದರೆ ಒಂದು ಪಟ್ಟಿ ಹಾಳೆಗೆ ಇಷ್ಟು ಬೆಲೆ ಏಕೆ ಎಂದೂ ಕೇಳಿದರು. ಸುಂಕದ ವರ್ಗೀಕರಣದಲ್ಲಿ ಪೂರ್ತಿಯಾಗಿ ಕೈಯಿಂದಲೇ ಬರೆದ ವರ್ಣಚಿತ್ರ, ರೇಖಾಚಿತ್ರಗಳಿಗೆ 9701 ಎಂಬ ಪ್ರತ್ಯೇಕ ಶೀರ್ಷಿಕೆ ಇದೆ. ಗ್ರಂಥಾಲಯದಲ್ಲಿ ಪುಸ್ತಕಗಳಿಗೆ ವರ್ಗಸಂಖ್ಯೆ ಹಾಕಿ ಹಾಕಿ ಅಭ್ಯಾಸವಾದ ನನಗೆ ಈ ಭಾಗ ಹಿಡಿಸಿತು. ರಸೀದಿ, ಹಣ ಕೊಟ್ಟ ದಾಖಲೆ, ಚಿತ್ರದ ಮುಂದಿನ ಹಿಂದಿನ ಫೋಟೊ, ‘ಕಾಗದದ ಮೇಲೆ ಶಾಯಿ, ಕೈಬರಹದ ಮೂಲ ರೇಖಾಚಿತ್ರ, ಅಚ್ಚಾದದ್ದಲ್ಲ’ ಎಂದು ಮಾರಿದವರು ಸಹಿ ಮಾಡಿದ ಪತ್ರ, ಎಲ್ಲವನ್ನೂ ಒಟ್ಟಿಗೆ ಕಳಿಸಿದೆ. ಆ ಪತ್ರವನ್ನು ಮೊದಲೇ ಬರೆಸಿಕೊಂಡಿದ್ದು ಬಹಳ ಉಪಯೋಗಕ್ಕೆ ಬಂತು. ವಿದೇಶದಿಂದ ಇಂಥದ್ದನ್ನು ತರಿಸುವವರು ಡಬ್ಬಿ ಅಲ್ಲಿಂದ ಹೊರಡುವ ಮುಂಚೆಯೇ ಅಂಥ ಪತ್ರ ಪಡೆಯಬೇಕು. ಸುಂಕವನ್ನೂ ಜಿಎಸ್‌ಟಿಯನ್ನೂ ಕಟ್ಟಿದೆ. ಪೊಟ್ಟಣ ಸಾಗರಕ್ಕೆ ಹೊರಟಿತು.

ಮನೆಯಲ್ಲಿ ಊಟದ ಮೇಜನ್ನು ಒರೆಸಿ, ಬಿಳಿ ಬಟ್ಟೆ ಹಾಸಿ, ಕೈ ತೊಳೆದು ಒಣಗಿಸಿಕೊಂಡು ಬಿಚ್ಚಿದೆ. ಅಳತೆ ಗೊತ್ತಿದ್ದರೂ ಕಣ್ಣು ಅದಕ್ಕೆ ಸಿದ್ಧವಾಗಿರಲಿಲ್ಲ. ಅಂಗೈ ಅಗಲದಲ್ಲಿ ಓದಿದ ಚಿತ್ರ ಒಂದೂವರೆ ಅಡಿಗಿಂತಲೂ ಉದ್ದ ಇತ್ತು. ಚಿಕ್ಕದು ಮಾಡಿ ಅಚ್ಚು ಹಾಕುವಾಗ ಗೆರೆ ಬಿಗಿಯಾಗಲಿ ಎಂದು ಚಿತ್ರಕಾರರು ದೊಡ್ಡದಾಗಿಯೇ ಬರೆಯುತ್ತಾರೆ. ಜಲಪಾತವನ್ನು ಬರೆದ ಬಗೆ ನೋಡಬೇಕು. ನೀರಿಗೆ ಒಂದೇ ಒಂದು ಗೆರೆ ಇಲ್ಲ. ಸುತ್ತಲಿನ ಬಂಡೆಯನ್ನು ಒಣ ಕುಂಚದಲ್ಲಿ ಕಪ್ಪು ಮಾಡಿ, ನೀರಿನ ಜಾಗದಲ್ಲಿ ಕಾಗದವನ್ನು ಹಾಗೆಯೇ ಬಿಟ್ಟಿದ್ದಾರೆ. ಬೀಳುವುದು ಕಾಗದದ ಬಿಳುಪು. ಅಲ್ಲಲ್ಲಿ ತುಂತುರಿಗೆ ಮಾತ್ರ ಬಿಳಿ ಬಣ್ಣವನ್ನು ಚಿಮುಕಿಸಿದ್ದಾರೆ. ಬೆರಳು ಮುಟ್ಟಿಸದೆ ಪಕ್ಕದಿಂದ ನೋಡಿದರೆ ಆ ಚುಕ್ಕೆಗಳು ಉಬ್ಬಿ ನಿಂತಿರುವುದು ಕಾಣುತ್ತದೆ.

ಗುರನ್‌ನ ಚೌಕದಲ್ಲಿ ಇನ್ನೊಂದು ಇತ್ತು. ಅವನ ಬಲಗೈ ಅಚ್ಚಿನಲ್ಲಿ ಕೆಳಗಿದೆ, ಈಟಿಯ ಮೇಲೆ. ರಟ್ಟಿನಲ್ಲಿ ಭುಜದ ಪಕ್ಕ ಬಿಳಿ ಬಣ್ಣದ ತೇಪೆ ಇದೆ, ಅದರ ಕೆಳಗಿನಿಂದ ಎತ್ತಿದ ಕೈಯೊಂದು ಬೂದು ನೆರಳಿನಂತೆ ಕಾಣುತ್ತದೆ. ಮೊದಲು ಅವನು ಕೈ ಎತ್ತಿ ಏನನ್ನೋ ತೋರಿಸುತ್ತಿದ್ದ. ಶಾಯಿ ಹಾಕಿ ಮುಗಿದ ಮೇಲೆ ಯಾರಿಗೋ ಅದು ಸರಿಕಾಣಲಿಲ್ಲ. ಕೈ ಇಳಿಸಿದ್ದರಿಂದ ಗುರನ್ ಗಂಭೀರನಾದ, ಮಾತು ಗುಟ್ಟಿನದಾಯಿತು. ಸರಿಯಾದ ನಿರ್ಧಾರ ಎಂದು ನನಗೆ ಅನಿಸುತ್ತದೆ. ನಾಳೆ ಬೆಳಿಗ್ಗೆ ಪತ್ರಿಕೆ ಓದಿ ಎಸೆಯುವವರಿಗಾಗಿ ಒಬ್ಬರು ಇಷ್ಟು ಯೋಚಿಸಿದ್ದರು. ಮಾಡಿದ್ದು ಬ್ಯಾರಿಯೇ ಎಂದು ಖಂಡಿತವಾಗಿ ಹೇಳಲಾಗುವುದಿಲ್ಲ. ದಿನಕ್ಕೊಂದು ಪಟ್ಟಿಯ ಜೊತೆ ಭಾನುವಾರದ ಬಣ್ಣದ ಪುಟವನ್ನೂ ಒಬ್ಬರೇ ತೀರಿಸಲಾಗದೆ ಅವರು ಆಂದ್ರೆ ಲೆಬ್ಲಾಂಕ್‌ರಂಥ ಸಹಾಯಕರನ್ನು ಇಟ್ಟುಕೊಂಡಿದ್ದರು. ಯಾವ ಎಲೆ ಯಾರದು, ಯಾವ ಬಂಡೆ ಯಾರದು ಎಂದು ಬೇರ್ಪಡಿಸುವುದು ಕಷ್ಟ. ಹಾಗೆಂದು ಇದರ ಮೇಲಿನ ನನ್ನ ಗೌರವ ಕಡಿಮೆಯಾಗಲಿಲ್ಲ. ಬರೆದ ಪ್ರತಿಯೊಂದು ಕೈಯೂ ಅಲ್ಲಿ ಶ್ರದ್ಧೆಯಿಂದ ಕೆಲಸ ಮಾಡಿದೆ.

ಹಕ್ಕುಸ್ವಾಮ್ಯದ ಚೀಟಿಯ ಸುತ್ತ ರಬ್ಬರ್ ಅಂಟು ಹಳತಾಗಿ ಕಂದು ಕಲೆಯಾಗಿದೆ. ‘ತೆಗೆಸಬಹುದಲ್ಲ’ ಎಂದು ನೋಡಿದವರು ಹೇಳುತ್ತಾರೆ. ತೆಗೆಸುವುದಿಲ್ಲ. ಬಲ್ಲವರ ಕೈಯಲ್ಲದೆ ದ್ರಾವಣ ಮುಟ್ಟಿಸಿದರೆ ಕಲೆ ಹರಡುತ್ತದೆ, ಶಾಯಿಯೂ ಹೋಗಬಹುದು. ಕಲೆ ಅಲ್ಲಿಂದ ಮುಂದೆ ಹಬ್ಬದಂತೆ ನೋಡಿಕೊಂಡರೆ ಸಾಕು.

ಕಟ್ಟು ಹಾಕಿಸಲು ಶಿವಮೊಗ್ಗಕ್ಕೆ ಹೋದೆ. ದೇವರ ಪಟಗಳಿಗೆ ಚೆಂದದ ಕಟ್ಟು ಹಾಕುವ ಹಳೆಯ ಅಂಗಡಿ. ಯಜಮಾನರು ವಯಸ್ಸಾದವರು, ಕೆಲಸದಲ್ಲಿ ನಿಷ್ಠೆ ಇರುವವರು. ಹಿಂದಕ್ಕೆ ಹಾರ್ಡ್‌ಬೋರ್ಡ್ ಬೇಡ, ನಾನು ಬೆಂಗಳೂರಿನಿಂದ ತರಿಸಿದ ಆಮ್ಲರಹಿತ ರಟ್ಟು ಹಾಕಿ ಎಂದೆ. ಗಾಜು ಬೇಡ, ನೇರಳಾತೀತ ಕಿರಣ ತಡೆಯುವ ಅಕ್ರಿಲಿಕ್ ಹಾಳೆ ಎಂದೆ. ಅದು ಚಿತ್ರಕ್ಕೆ ತಾಗಬಾರದು, ನಡುವೆ ಅಂತರ ಇರಬೇಕು ಎಂದೆ. ಅಲ್ಲಿಯವರೆಗೆ ತಲೆಯಾಡಿಸುತ್ತ ಬಂದರು. ಅಂಟು ಹಾಕಬಾರದು ಎಂದಾಗ ಮಾತ್ರ ಕೈ ನಿಲ್ಲಿಸಿದರು.

‘ಫೆವಿಕಾಲ್ ಇಲ್ಲದೆ ಹೇಗೆ ನಿಲ್ಲುತ್ತದೆ ಅಮ್ಮಾ? ಒಂದು ಮಳೆಗಾಲಕ್ಕೆ ಜಾರಿ ಕೂತುಬಿಡುತ್ತದೆ.’

‘ಜಾರಿದರೆ ಸರಿ ಮಾಡಬಹುದು ಅಲ್ಲವೇ? ಅಂಟಿದರೆ ಬಿಡಿಸಲು ಬರುವುದಿಲ್ಲ.’

ಹಳೆಯ ಫೋಟೊ ಆಲ್ಬಮ್ಮುಗಳಲ್ಲಿ ಇರುವಂತೆ ನಾಲ್ಕು ಮೂಲೆಗೆ ಕಾಗದದ ಜೇಬು ಮಾಡಿ ತೋರಿಸಿದೆ. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ನನ್ನದಕ್ಕಿಂತ ನೀಟಾಗಿ ಇನ್ನೊಂದು ಜೊತೆ ಕತ್ತರಿಸಿದರು. ರಟ್ಟು ಗಾಳಿಯ ತೇವಕ್ಕೆ ಹಿಗ್ಗಿ ಕುಗ್ಗಲು ಸ್ವಲ್ಪ ಸಡಿಲ ಬಿಟ್ಟಿದ್ದು ಅವರದೇ ಯೋಚನೆ. ಕೆಲಸ ಮುಗಿದ ಮೇಲೆ ಚಿತ್ರವನ್ನು ಬೆಳಕಿಗೆ ಹಿಡಿದು, ‘ಇದು ಪ್ರಿಂಟ್ ಅಲ್ಲ ಅಮ್ಮಾ, ಕೈಯಲ್ಲಿ ಬರೆದದ್ದು’ ಎಂದರು. ನಾನು ಅದನ್ನು ಅವರಿಗೆ ಹೇಳಿರಲಿಲ್ಲ.

ಮಲೆನಾಡಿನಲ್ಲಿ ಗೋಡೆಯನ್ನು ನಂಬುವ ಹಾಗಿಲ್ಲ. ಹೊರಗೋಡೆ ಜುಲೈನಲ್ಲಿ ಬೆವರುತ್ತದೆ. ಅದಕ್ಕೆ ಒಳಗೋಡೆಗೆ, ಕಿಟಕಿಯಿಂದ ದೂರ, ಹಿಂದೆ ಗಾಳಿಯಾಡುವಂತೆ ಮರದ ಗುಬಟು ಕೊಟ್ಟು ತೂಗು ಹಾಕಿದೆ. ಚಳಿಗಾಲ, ಬೇಸಿಗೆ ಪೂರ್ತಿ ಅಲ್ಲಿತ್ತು. ಬಂದವರಿಗೆಲ್ಲ ಮೊದಲು ಡೆವಿಲ್ ತೋರಿಸಿ, ಆಮೇಲೆ ಕೆಂಪು ಸಂಪುಟದ ಪುಟ ತೋರಿಸುತ್ತಿದ್ದೆ. ಕಾಲೇಜಿನ ಹುಡುಗರಲ್ಲಿ ಕೆಲವರಿಗೆ ಫ್ಯಾಂಟಮ್ ಯಾರೆಂದೇ ಗೊತ್ತಿಲ್ಲ. ಆದರೂ ಆ ಬಿಳಿಯ ತೇಪೆಯ ಕೆಳಗಿನ ಕೈಯನ್ನು ತೋರಿಸಿದರೆ ಎಲ್ಲರೂ ಬಗ್ಗಿ ನೋಡುತ್ತಾರೆ. ಚಿತ್ರ ಬರೆಯುವ ಒಬ್ಬ ಹುಡುಗಿ ಮರುದಿನವೂ ಬಂದು, ಜಲಪಾತದ ಬಂಡೆಗಳನ್ನು ತನ್ನ ಪುಸ್ತಕದಲ್ಲಿ ನಕಲು ಮಾಡಿಕೊಂಡು ಹೋದಳು.

ರೋಹಿಣಿ ಮಳೆ ಶುರುವಾದಾಗ ಚಿಂತೆಗಿಟ್ಟುಕೊಂಡಿತು. ಗಾಳಿಯ ತೇವ ಶೇ 65 ದಾಟಿದರೆ ಕಾಗದದಲ್ಲಿ ಬೂಸ್ಟು ಹುಟ್ಟಲು ಅನುಕೂಲ. ಸಾಗರದಲ್ಲಿ ಆರಿದ್ರೆಯಿಂದ ಆಶ್ಲೇಷದ ತನಕ ಅದು ಅದಕ್ಕಿಂತ ಬಹಳ ಮೇಲೇ ಇರುತ್ತದೆ. ಗ್ರಂಥಾಲಯದಲ್ಲಿ ಬೇವಿನ ಎಲೆ, ಸಿಲಿಕಾ ಜೆಲ್, ಕಪಾಟಿನೊಳಗೆ ಉರಿಸುವ ಸಣ್ಣ ಬಲ್ಬು, ಎಲ್ಲ ಮಾಡಿ ನೋಡಿದ್ದೇನೆ. ಪುಸ್ತಕಕ್ಕೆ ಪರವಾಗಿಲ್ಲ. ಇದಕ್ಕೆ ಇನ್ನೊಂದು ಪ್ರತಿ ಇಲ್ಲ.

ಅಣ್ಣ ಹೇಳಿದ: ‘ದಾವಣಗೆರೆಗೆ ಕೊಡು. ನಮ್ಮಲ್ಲಿ ಮಳೆ ಎಂದರೆ ನಿಮ್ಮ ತುಂತುರಿನಷ್ಟೂ ಇಲ್ಲ. ಮಳೆಗಾಲ ಅಲ್ಲಿರಲಿ, ದೀಪಾವಳಿ ಕಳೆದ ಮೇಲೆ ನಿನ್ನಲ್ಲಿ.’

ಮೃಗಶಿರಾ ಬೀಳುವ ಮೊದಲೇ ಕಾರಿನಲ್ಲಿ ಬಂದು, ಅದೇ ಮರದ ಹಲಗೆಗಳ ನಡುವೆ ಇಟ್ಟುಕೊಂಡು ಹೋದ. ಕಥೆ ಇರುವ ಕೆಂಪು ಸಂಪುಟವನ್ನೂ ಕೇಳಿದ, ಕೊಟ್ಟೆ. ಜೊತೆಗೆ ಒಂದು ದಾಖಲೆಯ ಹಾಳೆ ಬರೆದು ಕಟ್ಟಿನ ಹಿಂದಿನ ಜೇಬಿನಲ್ಲಿ ಇಟ್ಟಿದ್ದೇವೆ: ಬರೆದವರು, ಪತ್ರಿಕೆಯಲ್ಲಿ ಬಂದ ತಾರೀಖು, ಒಹಾಯೊದವರು ಕೊಂಡದ್ದು, ನಾನು ಕೊಂಡದ್ದು, ಸುಂಕ ಕಟ್ಟಿದ ರಸೀದಿಯ ಸಂಖ್ಯೆ, ಕಟ್ಟು ಹಾಕಿದ ಬಗೆ, ಬಿಚ್ಚುವುದು ಹೇಗೆ ಎಂಬುದು. ಅವನು ಅದನ್ನು ಮಲಗುವ ಕೋಣೆಯ ಕಪಾಟಿನಲ್ಲಿ ಒಂದು ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಮಲಗಿಸಿದ್ದಾನೆ. ತೇವ ಅಳೆಯುವ ಸಣ್ಣ ಮೀಟರನ್ನೂ ಒಳಗಿಟ್ಟು, ಪ್ರತಿ ಭಾನುವಾರ ಅದರ ಫೋಟೊ ಕಳಿಸುತ್ತಾನೆ. ಕಳೆದ ಭಾನುವಾರ ಶೇ 52 ಇತ್ತು. ಜೆಲ್ ಬದಲಾಯಿಸುವ ಸಮಯ ಬಂದಿದೆ ಎಂದು ಬರೆದಿದ್ದೇನೆ.